ನಾಯಿಯ ಲೆಕ್ಕದಲ್ಲಿ ಹೊರಡಿ: ಗೆಳೆಯ, ಡೇರೆ ಮತ್ತು ಸಕಲೇಶಪುರದ ಎರಡು ದಿನ

ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್. ಇಬ್ಬರೇ ಕಾರಿನಲ್ಲಿ ಹೊರಟರೆ ನಾಲ್ಕೂವರೆ ಗಂಟೆಯಲ್ಲಿ ತಲುಪಬಹುದು. ಜೊತೆಗೆ ನಾಯಿ ಇದ್ದರೆ ಆರು ಗಂಟೆ ಬೇಕೇ ಬೇಕು. ಆ ಹೆಚ್ಚಿನ ಒಂದೂವರೆ ಗಂಟೆಯನ್ನು ಗೊಣಗದೆ ಕೊಡುವ ಮನಸ್ಸು ಇಬ್ಬರಿಗೂ ಇದೆಯೇ ಎಂದು ಮೊದಲು ಕೇಳಿಕೊಳ್ಳಿ. ಇಲ್ಲದಿದ್ದರೆ ನಾಯಿಯನ್ನು ಅದಕ್ಕೆ ಒಗ್ಗಿದವರ ಬಳಿ ಮನೆಯಲ್ಲೇ ಬಿಟ್ಟು ಹೋಗುವುದು ಮೇಲು.

ನಮ್ಮ ಕೆಂಚ ಐದು ವರ್ಷದ ನಾಟಿ ನಾಯಿ. ತೂಕ 18 ಕಿಲೋ. ಅವನು, ನಾನು, ನನ್ನ ಗೆಳೆಯ ಮೂವರೂ ಮೂರು ಚಳಿಗಾಲದಿಂದ ಹಾಸನ ಜಿಲ್ಲೆಯ ಕಾಫಿ ತೋಟಗಳಲ್ಲಿ ಡೇರೆ ಹಾಕಿ ವಾರಾಂತ್ಯ ಕಳೆದು ಬರುತ್ತಿದ್ದೇವೆ. ಮೊದಲ ಸಲ ನಮ್ಮ ಇಷ್ಟದಂತೆ ಓಡಾಟ ಗೊತ್ತುಮಾಡಿಕೊಂಡು, ಅದರೊಳಗೆ ನಾಯಿಯನ್ನು ತುರುಕಿದ್ದೆವು. ಕೆಂಚ ದಾರಿಯಲ್ಲಿ ಎರಡು ಸಲ ವಾಂತಿ ಮಾಡಿದ, ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ, ಸೋಮವಾರ ಊಟ ಬಿಟ್ಟ. ಎರಡನೆಯ ಸಲ ಅವನ ಊಟದ ಹೊತ್ತು, ನಿದ್ದೆಯ ಹೊತ್ತು, ಅವನಿಗೆ ತಡೆಯುವ ದೂರ ಇಷ್ಟನ್ನು ಮೊದಲು ಬರೆದಿಟ್ಟುಕೊಂಡು ಉಳಿದದ್ದನ್ನು ಅದರ ಸುತ್ತ ಹೊಂದಿಸಿದೆವು. ಮೂವರೂ ಸುಖವಾಗಿ ಹೋಗಿ ಬಂದೆವು. ಕೆಳಗಿನ ಸಲಹೆಗಳೆಲ್ಲ ಆ ಲೆಕ್ಕದಿಂದ ಹುಟ್ಟಿದವು.

ಒಂದು ತಿಂಗಳ ಮುಂಚೆ: ಕಾಡು ಬೇಡ, ತೋಟ ಹುಡುಕಿ

ಡೇರೆ ಎಂದೊಡನೆ ಕಾಡು ನೆನಪಾಗುತ್ತದೆ. ನಾಯಿ ಜೊತೆಗಿದ್ದರೆ ಆ ಆಸೆಯನ್ನು ಪೂರ್ತಿಯಾಗಿ ಬಿಡಿ. ಪುಷ್ಪಗಿರಿ ವನ್ಯಜೀವಿಧಾಮ, ಕುದುರೆಮುಖ, ಬಂಡೀಪುರ, ನಾಗರಹೊಳೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾದ ಜಾಗಗಳು. ಸಾಕುನಾಯಿಯನ್ನು ಅಲ್ಲಿಗೆ ಕರೆದೊಯ್ಯುವಂತಿಲ್ಲ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಡೇರೆ ಹೊಡೆದು ಬೆಂಕಿ ಹಾಕುವುದೂ ಅಪರಾಧವೇ. ಸಕಲೇಶಪುರ ತಾಲ್ಲೂಕಿನ ಬಿಸಿಲೆಯ ಕಾಡು ಕೂಡ ಮೀಸಲು ಅರಣ್ಯ.

ಈ ನಿಯಮದ ಹಿಂದೆ ಗಟ್ಟಿ ಕಾರಣವಿದೆ. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗ ಕಾಡುಪ್ರಾಣಿಗಳಿಗೂ ಅಂಟುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳ ಪೈಕಿ ಹಲವು ಸಿಂಹಗಳಲ್ಲಿ ಈ ರೋಗದ ವೈರಾಣು ಪತ್ತೆಯಾಗಿತ್ತು. ನಮ್ಮ ಪಶ್ಚಿಮ ಘಟ್ಟದ ಸೀಳುನಾಯಿಗಳಂತೂ ನಾಯಿಯ ಕುಟುಂಬಕ್ಕೇ ಸೇರಿದವು. ನಮ್ಮ ಒಂದು ರಾತ್ರಿಯ ಖುಷಿಗೆ ಅವುಗಳ ಜೀವವನ್ನು ಪಣಕ್ಕಿಡುವುದು ಸರಿಯಲ್ಲ.

ಆದ್ದರಿಂದ ಖಾಸಗಿ ಕಾಫಿ ತೋಟದಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ತೋಟದ ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಡೇರೆ ಹಾಕಿ. ಸಕಲೇಶಪುರ, ಮೂಡಿಗೆರೆ, ಬೇಲೂರಿನ ಸುತ್ತ ಹೋಂಸ್ಟೇ ನಡೆಸುವ ಹಲವರು ಅಂಗಳದಂಥ ಸಮತಟ್ಟು ಜಾಗವನ್ನು ಡೇರೆಗೆ ಬಿಟ್ಟುಕೊಡುತ್ತಾರೆ. ‘ನಾಯಿ ತರಬಹುದಾ?’ ಎಂದಷ್ಟೇ ಕೇಳಿ ಫೋನ್ ಇಡಬೇಡಿ. ತೋಟದಲ್ಲಿ ಎಷ್ಟು ನಾಯಿಗಳಿವೆ, ಅವನ್ನು ರಾತ್ರಿ ಬಿಡುತ್ತಾರಾ? ಕೋಳಿ, ಕರು, ಬೆಕ್ಕು ಇವೆಯಾ? ಇತ್ತೀಚೆಗೆ ಆನೆ ಬಂದಿತ್ತಾ? ತೋಟಕ್ಕೆ ಔಷಧಿ ಹೊಡೆದಿದ್ದಾರಾ, ಬಸವನಹುಳುವಿಗೆ ಮದ್ದು ಹಾಕಿದ್ದಾರಾ? ಹತ್ತಿರದ ಪಶು ಆಸ್ಪತ್ರೆ ಎಲ್ಲಿದೆ? ಇಷ್ಟಕ್ಕೂ ಸಮಾಧಾನವಾಗಿ ಉತ್ತರ ಕೊಡುವವರ ತೋಟವೇ ನಿಮಗೆ ಬೇಕಾದದ್ದು.

ಬಸವನಹುಳುವಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಫ್ರಿಕಾದ ದೈತ್ಯ ಬಸವನಹುಳು ಮಲೆನಾಡಿನ ತೋಟಗಳಿಗೆ ದೊಡ್ಡ ಪೀಡೆಯಾಗಿದೆ. ಅದನ್ನು ಕೊಲ್ಲಲು ಗಿಡದ ಬುಡದಲ್ಲಿ ಮೆಟಾಲ್ಡಿಹೈಡ್ ಎಂಬ ಮದ್ದಿನ ಗುಳಿಗೆಗಳನ್ನು ಹರಡುತ್ತಾರೆ. ಅವುಗಳ ವಾಸನೆ ನಾಯಿಯನ್ನು ಸೆಳೆಯುತ್ತದೆ. ತಿಂದರೆ ಸ್ವಲ್ಪ ಹೊತ್ತಿನಲ್ಲೇ ನಡುಕ, ಫಿಟ್ಸ್ ಶುರುವಾಗಿ ಜೀವಕ್ಕೇ ಅಪಾಯವಾಗುತ್ತದೆ. ಮದ್ದು ಹಾಕಿದ್ದೇವೆ ಎಂದು ಮಾಲೀಕರು ಹೇಳಿದರೆ ಆ ತೋಟ ಈ ಸಲಕ್ಕೆ ಬೇಡ.

ಕಾಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಜಿಗಣೆಗಳ ಕಾಟ. ಸಕಲೇಶಪುರದಿಂದಾಚೆ ದೋಣಿಗಾಲ್ ಸುತ್ತ ಹೆದ್ದಾರಿಯಲ್ಲಿ ಗುಡ್ಡ ಕುಸಿದದ್ದೂ ಉಂಟು. ಮಾರ್ಚ್, ಏಪ್ರಿಲ್ ಎಂದರೆ ಬಿಸಿಲು ಮತ್ತು ಕಾಡ್ಗಿಚ್ಚಿನ ಕಾಲ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿ ನಿಮ್ಮದಾಗಿದ್ದರೆ ಡಿಸೆಂಬರ್, ಜನವರಿ ಬಿಟ್ಟು ಬೇರೆ ತಿಂಗಳು ಯೋಚಿಸಲೇಬೇಡಿ. ಏದುಸಿರಿನಿಂದ ಮೈ ತಂಪು ಮಾಡಿಕೊಳ್ಳುವುದು ಅವಕ್ಕೆ ಕಷ್ಟ.

ಹದಿನೈದು ದಿನ ಮುಂಚೆ: ಪಶುವೈದ್ಯರ ಬಳಿ

ರೇಬೀಸ್ ಲಸಿಕೆ ಚಾಲ್ತಿಯಲ್ಲಿರಬೇಕು. ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಎಲ್ಲ ಸೇರಿದ ಲಸಿಕೆಯೂ ಹಾಗೆಯೇ. ಹೊರಡುವ ಹಿಂದಿನ ದಿನ ಚುಚ್ಚಿಸಿದರೆ ಪ್ರಯೋಜನವಿಲ್ಲ. ಲಸಿಕೆ ಮೈಗೆ ಹತ್ತಲು ಕೆಲವು ವಾರಗಳು ಬೇಕು. ಲಸಿಕೆಯ ಪುಸ್ತಕ ಜೊತೆಗಿರಲಿ.

ಉಣ್ಣೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಉಣುಗು, ಉಣ್ಣಿ, ಉಣ್ಣೆ, ಊರಿಗೊಂದು ಹೆಸರು. ನಾಯಿಗೆ ಇದರಿಂದ ಬರುವ ‘ಟಿಕ್ ಫೀವರ್’ ರಕ್ತಕಣಗಳನ್ನೇ ನಾಶ ಮಾಡುತ್ತದೆ. ಮನುಷ್ಯರಿಗೆ ಬರುವುದು ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಾದ ಈ ರೋಗ ಇವತ್ತಿಗೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳನ್ನು ಬಿಟ್ಟಿಲ್ಲ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ನಾವು ಡೇರೆ ಹಾಕಲು ಹೊರಡುವ ತಿಂಗಳುಗಳಲ್ಲಿ ಹೆಚ್ಚಿನವು ಅದರೊಳಗೇ ಬರುತ್ತವೆ. ಮಂಗ ಸತ್ತು ಬಿದ್ದ ಸುದ್ದಿ ಇರುವ ಊರಿನ ಕಡೆ ಆ ವರ್ಷ ಹೋಗಬೇಡಿ. ನಾಯಿ ಪೊದೆಯೊಳಗೆ ನುಗ್ಗಿ ಮೈಗೆ ಹತ್ತಿಸಿಕೊಂಡ ಉಣ್ಣೆ ರಾತ್ರಿ ನಿಮ್ಮ ಹೊದಿಕೆಗೆ ಬರುತ್ತದೆ ಎಂಬುದನ್ನು ಮರೆಯಬಾರದು. ನಾಯಿಯ ತೂಕಕ್ಕೆ ತಕ್ಕ ಮಾತ್ರೆ ಅಥವಾ ಬೆನ್ನಿಗೆ ಹಾಕುವ ಹನಿ ಔಷಧಿಯನ್ನು ವೈದ್ಯರೇ ಹೇಳಲಿ. ನಿಮಗೆ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಕೈಕಾಲಿಗೆ ಕೀಟ ಹತ್ತದಂತೆ ಹಚ್ಚುವ ಮುಲಾಮು.

ಪ್ರಥಮ ಚಿಕಿತ್ಸೆಯ ಡಬ್ಬಿಯನ್ನೂ ಅದೇ ದಿನ ತುಂಬಿಸಿಕೊಳ್ಳಿ. ಹತ್ತಿ, ಬ್ಯಾಂಡೇಜ್ ಬಟ್ಟೆ, ಗಾಯಕ್ಕೆ ಹಚ್ಚುವ ಅಯೋಡಿನ್, ತುದಿ ಚೂಪಾದ ಚಿಮುಟ, ಥರ್ಮಾಮೀಟರ್, ದಾರಿಯ ವಾಂತಿಗೆ ವೈದ್ಯರು ಬರೆದ ಮಾತ್ರೆ ಇಷ್ಟು ಸಾಕು. ನಮಗೆ ತಲೆನೋವಿಗೆ ತೆಗೆದುಕೊಳ್ಳುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ಗಳನ್ನು ನಾಯಿಗೆ ಅಪ್ಪಿತಪ್ಪಿಯೂ ಕೊಡಬಾರದು. ಅವು ಅದಕ್ಕೆ ವಿಷ.

ಒಂದು ವಾರ ಮುಂಚೆ: ತಾರಸಿಯ ಮೇಲೆ ಒಂದು ರಾತ್ರಿ

ಡೇರೆಯನ್ನು ಮನೆಯ ತಾರಸಿ ಅಥವಾ ಅಂಗಳದಲ್ಲಿ ಹಾಕಿ ನಾಯಿಯ ಜೊತೆ ಒಂದು ರಾತ್ರಿ ಮಲಗಿ ನೋಡಿ. ಜಿಪ್ ಎಳೆಯುವ ಸದ್ದು, ಗಾಳಿಗೆ ಬಟ್ಟೆ ಪಟಪಟಿಸುವುದು ಕೆಲವು ನಾಯಿಗಳಿಗೆ ದಿಗಿಲು ಹುಟ್ಟಿಸುತ್ತವೆ. ಕೆಂಚ ಮೊದಲ ದಿನ ಒಳಗೆ ಕಾಲಿಡಲಿಲ್ಲ. ಅವನ ಹಳೆಯ ಗೋಣಿತಾಟನ್ನು ಒಳಗೆ ಹಾಸಿದ ಮೇಲೆ ತಾನಾಗಿಯೇ ಹೋಗಿ ಸುತ್ತು ಹಾಕಿ ಮಲಗಿದ. ಆ ತಾಟು ಈಗಲೂ ಪ್ರತಿ ಸಲ ಬರುತ್ತದೆ.

ಇಬ್ಬರು ಮತ್ತು ಮಧ್ಯಮ ಗಾತ್ರದ ಒಂದು ನಾಯಿಗೆ ‘ಮೂರು ಜನರ’ ಡೇರೆ ಬೇಕು. ನಾಯಿಯ ಉಗುರಿಗೆ ಡೇರೆಯ ತಳ ಹರಿಯುವುದರಿಂದ ಒಳಗೆ ದಪ್ಪ ಜಮಖಾನ ಹಾಸಿ. ಉಗುರನ್ನು ಎರಡು ದಿನ ಮುಂಚೆಯೇ ಕತ್ತರಿಸಿದ್ದರೆ ಇನ್ನೂ ಒಳ್ಳೆಯದು.

ಕಾರಿಗೆ ಒಗ್ಗದ ನಾಯಿಯಾದರೆ ಅದೇ ವಾರ 30–40 ಕಿಲೋಮೀಟರ್ ದೂರ ಕರೆದುಕೊಂಡು ಹೋಗಿ ಬನ್ನಿ. ಇದುವರೆಗೆ ಪಶುವೈದ್ಯರ ಬಳಿಗೆ ಮಾತ್ರ ಕಾರಿನಲ್ಲಿ ಹೋಗಿದ್ದ ನಾಯಿ ಕಾರು ಕಂಡರೆ ನಡುಗುವುದು ಸಹಜ. ಈ ಸಲ ಕೆರೆಯ ದಂಡೆಯಲ್ಲಿ ಇಳಿಸಿ ಆಡಿಸಿ.

ಶುಕ್ರವಾರ ರಾತ್ರಿ: ಕಾರು ಮತ್ತು ಚೀಲ

ಟೈರಿನ ಗಾಳಿ, ಸ್ಟೆಪ್ನಿ, ಜಾಕ್, ಟಾರ್ಚು ನೋಡಿಕೊಳ್ಳಿ. ನಾಯಿಯ ನೀರನ್ನು ಲೆಕ್ಕ ಹಾಕಿ ತುಂಬಿ. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 50ರಿಂದ 60 ಮಿಲಿಲೀಟರ್ ಎಂದರೆ 18 ಕಿಲೋ ನಾಯಿಗೆ ಒಂದು ಲೀಟರಿನಷ್ಟು. ಓಡಾಟ, ಬಿಸಿಲು ಸೇರಿದರೆ ಅದರ ಎರಡರಷ್ಟು. ಮನೆಯಲ್ಲಿ ತಿನ್ನುವ ಆಹಾರವನ್ನೇ ಹೊತ್ತಿಗೊಂದು ಪೊಟ್ಟಣ ಮಾಡಿ ಕಟ್ಟಿಕೊಳ್ಳಿ. ಹೊಸ ತಿಂಡಿಯನ್ನು ಪ್ರವಾಸದಲ್ಲಿ ಶುರುಮಾಡಿದರೆ ಭೇದಿ ಗ್ಯಾರಂಟಿ. ಒಂದು ಹೆಚ್ಚಿನ ಬೆಲ್ಟು, ಒಂದು ಹೆಚ್ಚಿನ ಚೈನು, ಎರಡು ಹಳೆಯ ಟವೆಲ್, ಮಲ ಎತ್ತಲು ಚೀಲಗಳು ಬೇಕು. ಬೆಲ್ಟಿನ ಮೇಲೆ ಇಬ್ಬರ ಮೊಬೈಲ್ ಸಂಖ್ಯೆಯೂ ಇರಲಿ. ಗುಡ್ಡದ ಮರೆಯಲ್ಲಿ ಒಬ್ಬರ ಸಿಗ್ನಲ್ ಸಿಗದಿದ್ದರೆ ಇನ್ನೊಬ್ಬರದಾದರೂ ಸಿಕ್ಕೀತು.

ಹೆದ್ದಾರಿಯಲ್ಲಿ ಕಾರು ಕೈಕೊಟ್ಟರೆ 1033, ಬೇರೆ ಯಾವುದೇ ತುರ್ತಿಗೆ 112. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962. ಇದು ಮುಖ್ಯವಾಗಿ ರೈತರ ದನಕರುಗಳಿಗಾಗಿ ಇರುವ ಸೇವೆ. ಹತ್ತಿರದ ಆಸ್ಪತ್ರೆ ಯಾವುದೆಂದು ಕೇಳಲಾದರೂ ಸಂಖ್ಯೆ ಇರಲಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಈ ದಾರಿಯನ್ನು ನಾವು ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

ಶನಿವಾರ: ನಸುಕಿನಲ್ಲೇ ಹೊರಡಿ

ಬೆಳಗ್ಗೆ ಐದಕ್ಕೆ ಬೆಂಗಳೂರು ಬಿಡಿ. ನಾಯಿಗೆ ಹಿಂದಿನ ರಾತ್ರಿಯದೇ ಕೊನೆಯ ಊಟ. ಖಾಲಿ ಹೊಟ್ಟೆಯಲ್ಲಿ ವಾಂತಿ ಕಡಿಮೆ. ಹೊರಡುವ ಮುಂಚೆ ಅರ್ಧ ಗಂಟೆ ಚೆನ್ನಾಗಿ ನಡೆಸಿದರೆ ನೆಲಮಂಗಲ ದಾಟುವಷ್ಟರಲ್ಲಿ ನಿದ್ದೆ ಹೋಗುತ್ತದೆ.

ನಾಯಿಯ ಜಾಗ ಹಿಂದಿನ ಸೀಟು. ಎದೆಗೆ ಹಾಕುವ ಪಟ್ಟಿಯನ್ನು ಸೀಟ್ ಬೆಲ್ಟಿಗೆ ಸಿಕ್ಕಿಸಿ. ಕೊರಳ ಬೆಲ್ಟಿಗೆ ಬೇಡ, ಗಕ್ಕನೆ ಬ್ರೇಕ್ ಹಾಕಿದರೆ ಕುತ್ತಿಗೆಗೆ ಪೆಟ್ಟು. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡರೆ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಮೊದಲು ಸಾಯುವುದು ಅದೇ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿವಿ ಹಾರಿಸಿಕೊಂಡು ಹೋಗುವ ನಾಯಿಯ ಚಿತ್ರ ನೋಡಲು ಚೆಂದ. ಲಾರಿ ಸಿಡಿಸಿದ ಜಲ್ಲಿಯ ಒಂದು ಚೂರು ಸಾಕು, ಕಣ್ಣು ಹೋಗಲು. ಗಾಜನ್ನು ಎರಡು ಬೆರಳಿನಷ್ಟು ಮಾತ್ರ ಇಳಿಸಿ.

ಮೊದಲ ನಿಲುಗಡೆ ಕುಣಿಗಲ್ ದಾಟಿ ಯಡಿಯೂರಿನ ಹತ್ತಿರ, ಎರಡನೆಯದು ಚನ್ನರಾಯಪಟ್ಟಣ, ಮೂರನೆಯದು ಹಾಸನದ ಆಚೆ. ಹೋಟೆಲ್ ಮುಂದೆಯೇ ನಿಲ್ಲಿಸಬೇಕೆಂದಿಲ್ಲ. ಹೋಟೆಲುಗಳ ಸುತ್ತ ಬೀದಿನಾಯಿಗಳ ಗುಂಪು ಇರುತ್ತದೆ, ನಿಮ್ಮ ನಾಯಿ ಅವುಗಳ ಜಾಗಕ್ಕೆ ಬಂದ ಪರಕೀಯ. ಅರ್ಧ ಕಿಲೋಮೀಟರ್ ಆಚೆ, ಪಕ್ಕದ ಮಣ್ಣುರಸ್ತೆಗೆ ಇಳಿದು ಹೊಂಗೆಮರದ ಕೆಳಗೆ ನಿಲ್ಲಿಸಿ. ಚೈನು ಹಾಕಿ ಆದ ಮೇಲೆ ಬಾಗಿಲು ತೆರೆಯುವುದು, ಇದರಲ್ಲಿ ರಿಯಾಯಿತಿ ಇಲ್ಲ. ಒಬ್ಬರು ನಾಯಿಯ ಜೊತೆಗಿದ್ದಾಗ ಇನ್ನೊಬ್ಬರು ಹೋಗಿ ಇಡ್ಲಿ ಕಟ್ಟಿಸಿಕೊಂಡು ಬರಲಿ.

ನಾಯಿಯನ್ನು ಕಾರಿನಲ್ಲಿ ಬಿಟ್ಟು ಇಬ್ಬರೂ ತಿಂಡಿಗೆ ಹೋಗಲೇಬಾರದು. ಹೊರಗೆ 24 ಡಿಗ್ರಿ ಸೆಲ್ಸಿಯಸ್ ಎಂಬ ಹಿತವಾದ ಹವೆಯಲ್ಲೂ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 34, ಅರ್ಧ ಗಂಟೆಗೆ 43 ಡಿಗ್ರಿ ಆಗುತ್ತದೆ. ಗಾಜು ಸ್ವಲ್ಪ ಇಳಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಹೊರಹಾಕಿ ಏದುಸಿರು ಬಿಡುವುದೇ ಮುಖ್ಯ ದಾರಿ. ಅದರ ಸಹಜ ಮೈಶಾಖ 38ರಿಂದ 39 ಡಿಗ್ರಿಯ ಸುತ್ತ. 41 ದಾಟಿದರೆ ಜೀವಕ್ಕೆ ಅಪಾಯ. ಜೊಲ್ಲು ಅಂಟಂಟಾಗಿ, ವಸಡು ಕೆಂಪೇರಿ, ತೂರಾಡತೊಡಗಿದರೆ ನೆರಳಿಗೆ ಒಯ್ದು ಹೊಟ್ಟೆ, ಕಂಕುಳು, ಪಾದಗಳ ಮೇಲೆ ಸಾಧಾರಣ ತಣ್ಣೀರು ಸುರಿದು ಗಾಳಿ ಹಾಕಿ, ತಕ್ಷಣ ವೈದ್ಯರ ಬಳಿಗೆ ಹೊರಡಿ. ಐಸ್ ನೀರು ಬೇಡ.

ತೋಟ ತಲುಪಿದ ಮೇಲೆ

ಮೊದಲ ಕೆಲಸ ಡೇರೆಯಲ್ಲ. ಒಬ್ಬರು ನಾಯಿಯ ಜೊತೆ ಗೇಟಿನಲ್ಲೇ ನಿಂತು, ಇನ್ನೊಬ್ಬರು ಒಳಗೆ ಹೋಗಿ ಮಾಲೀಕರನ್ನೋ ತೋಟದ ಉಸ್ತುವಾರಿ ನೋಡುವ ರೈಟರನ್ನೋ ಕರೆದು ಅಲ್ಲಿನ ನಾಯಿಗಳನ್ನು ಕಟ್ಟಿಸಲಿ. ಆಮೇಲೆ ಮೂವರೂ ಚೈನು ಹಿಡಿದುಕೊಂಡೇ ತೋಟದ ಎಲ್ಲೆಯನ್ನು ಒಂದು ಸುತ್ತು ಹಾಕಿ.

ಆ ಸುತ್ತಿನಲ್ಲಿ ಮೂರು ಸಂಗತಿ ಕೇಳಿ ತಿಳಿದುಕೊಳ್ಳಿ. ಒಂದು, ಕರೆಂಟು ಬೇಲಿ. ಈ ಕಡೆ ಅದನ್ನು ‘ಐಬೆಕ್ಸ್’ ಎಂದೇ ಕರೆಯುತ್ತಾರೆ. ಆನೆ, ಹಂದಿಗಳನ್ನು ತಡೆಯಲು ಹಾಕಿದ್ದು. ಒದ್ದೆ ಮೂಗು ತಾಗಿದರೆ ನಾಯಿ ದಿಕ್ಕೆಟ್ಟು ಓಡುತ್ತದೆ. ಎರಡು, ಕಾಫಿ ಒಣಗಿಸುವ ಕಣ. ಡಿಸೆಂಬರಿನಿಂದ ಫೆಬ್ರವರಿ ತನಕ ಅಲ್ಲಿ ಒಂದು ವರ್ಷದ ದುಡಿಮೆ ಹರಡಿರುತ್ತದೆ. ನಾಯಿ ಅದರ ಮೇಲೆ ಓಡಿದರೂ ಉಚ್ಚೆ ಹೊಯ್ದರೂ ತೋಟದವರಿಗೆ ನಷ್ಟ, ನಮಗೆ ಅವಮಾನ. ಕಾಫಿ ಹಣ್ಣು, ಬೀಜ ತಿಂದರೆ ನಾಯಿಗೂ ಕೆಡುಕು. ಮೂರು, ಉರುಳು. ಹಂದಿಗೆಂದು ಬೇಲಿಯ ಕಂಡಿಗಳಲ್ಲಿ ಯಾರೋ ಕದ್ದು ಒಡ್ಡುವ ತಂತಿ ಕುಣಿಕೆ ಇದು. ಕಾನೂನುಬಾಹಿರ. ಆದರೂ ಇದೆ.

ಉರುಳಿನ ವಿಷಯ ನಮಗೆ ಕೆಂಚನಿಂದಲೇ ಗೊತ್ತಾಯಿತು. ಮತ್ತೊಂದು ಸಲ ಸಂಜೆ ಡೇರೆಯ ಹಗ್ಗ ಬಿಗಿಯುತ್ತಿದ್ದೆವು. ತಲೆಯೆತ್ತಿ ನೋಡಿದರೆ ಚೈನು ಮಾತ್ರ ನೆಲದ ಮೇಲಿದೆ.

‘ನಿನ್ನ ಹತ್ರ ಇದಾನೆ ಅಂದ್ಕೊಂಡೆ ಕಣೋ’ ಎಂದ ಗೆಳೆಯ. ನಾನು ಅವನ ಹತ್ತಿರ ಇದ್ದಾನೆ ಅಂದುಕೊಂಡಿದ್ದೆ.

ಕಾಫಿ ಗಿಡಗಳ ಸಾಲಿನಲ್ಲಿ ಕೂಗುತ್ತ ಓಡಾಡಿದೆವು. ಕತ್ತಲಾಗುವ ಹೊತ್ತಿಗೆ ತೋಟದ ರೈಟರು ಬೇಲಿಯ ಕಡೆಯಿಂದ ಕರೆದರು. ‘ಓಡ್ಬೇಡಿ ಸಾರ್, ನಿಧಾನ ಬನ್ನಿ. ಉರುಳಿಗೆ ಕಾಲು ಕೊಟ್ಟಿದೆ. ಎಳೆದ್ರೆ ಬಿಗಿಯುತ್ತೆ.’ ಕೆಂಚ ಹಿಂಗಾಲು ಚಾಚಿ ನೆಲಕ್ಕೆ ಅಂಟಿಕೊಂಡು ಮಲಗಿದ್ದ. ಬೈಕಿನ ಕ್ಲಚ್ ವೈರಿನಿಂದ ಮಾಡಿದ ಕುಣಿಕೆ ಗಿಣ್ಣಿನ ಮೇಲಿನ ಕೂದಲಿನೊಳಗೆ ಹೂತುಹೋಗಿತ್ತು. ಅವರು ಒಂದು ಕೈಯಿಂದ ಕಾಲನ್ನು ತಂತಿಯ ಕಡೆಗೆ ತಳ್ಳುತ್ತ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಗಂಟನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸಿ ಬಿಡಿಸಿದರು. ಚರ್ಮ ಹರಿದಿರಲಿಲ್ಲ. ಕುತ್ತಿಗೆಗೆ ಬಿದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಅಂದಿನಿಂದ ನಮ್ಮಿಬ್ಬರಲ್ಲಿ ಒಂದು ಕಟ್ಟುನಿಟ್ಟಿದೆ. ಚೈನು ಕೈಬದಲಾಗುವಾಗ ‘ತಗೋ’ ಎಂದು ಒಬ್ಬರು ಹೇಳಬೇಕು, ‘ತಗೊಂಡೆ’ ಎಂದು ಇನ್ನೊಬ್ಬರು ಹೇಳಬೇಕು. ಬಾಯಿಬಿಟ್ಟು ಹೇಳುವ ತನಕ ಹಳಬರದೇ ಜವಾಬ್ದಾರಿ. ನಾಯಿಯ ಜೊತೆ ಗೆಳೆಯನೂ ಬೇಕು ಎನ್ನುವುದು ಇದಕ್ಕಾಗಿಯೇ. ಒಬ್ಬರೇ ಡೇರೆ ಕಟ್ಟಿ, ಅಡುಗೆ ಮಾಡಿ, ನಾಯಿಯನ್ನೂ ಕಾಯಲಾಗದು.

ಡೇರೆ ಎಲ್ಲಿ, ಹೇಗೆ

ಸಿಲ್ವರ್ ಓಕ್ ಮರದಡಿ ನೆರಳು ಚೆನ್ನಾಗಿದ್ದರೂ ಒಣಕೊಂಬೆ ಬೀಳುವ ಭಯವಿದೆ. ಹಲಸು, ಬಾಳೆ, ಕೊಯ್ಲಿಗೆ ಬಂದ ಭತ್ತದ ಗದ್ದೆ ಮೂರೂ ಆನೆಗೆ ಪ್ರಿಯ, ಅವುಗಳ ಪಕ್ಕ ಬೇಡವೇ ಬೇಡ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಆನೆಗಳು ತೋಟದಿಂದ ತೋಟಕ್ಕೆ ಓಡಾಡುತ್ತಲೇ ಇರುತ್ತವೆ, ಅಲ್ಲಿನವರು ಪ್ರತಿ ಸಂಜೆ ಅವು ಎಲ್ಲಿವೆ ಎಂದು ವಿಚಾರಿಸಿಕೊಂಡೇ ಮಲಗುತ್ತಾರೆ. ನೀವೂ ವಿಚಾರಿಸಿ. ಹತ್ತಿರದಲ್ಲಿವೆ ಎಂದರೆ ಡೇರೆ ಮಡಚಿ ಮನೆಯೊಳಗೆ ಮಲಗಿ. ನಾಯಿ ಆನೆಯನ್ನು ಕಂಡರೆ ಬೊಗಳುತ್ತ ಅಟ್ಟುತ್ತದೆ, ಆನೆ ತಿರುಗಿಬಿದ್ದರೆ ಓಡಿ ನಿಮ್ಮ ಬಳಿಗೇ ಬರುತ್ತದೆ. ಹಿಂದೆಯೇ ಆನೆ.

ತೋಟದ ಮನೆಯ ಬೆಳಕು ಬೀಳುವ, ಸ್ವಲ್ಪ ಎತ್ತರದ, ಹುಲ್ಲು ಸವರಿದ ಜಾಗ ನೋಡಿ. ಕೆಳಗೆ ಟಾರ್ಪಾಲ್ ಹಾಸಿ, ಬಾಗಿಲು ಇಳಿಜಾರಿನ ಕೆಳಗಿನ ದಿಕ್ಕಿಗಿರಲಿ. ಡೇರೆಯ ಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಿದರೆ ಕತ್ತಲಲ್ಲಿ ಯಾರೂ ಎಡವುವುದಿಲ್ಲ. ನಾಯಿಯನ್ನು ಡೇರೆಯ ಕಂಬಕ್ಕಾಗಲಿ ಗೂಟಕ್ಕಾಗಲಿ ಕಟ್ಟಬೇಡಿ.

ಒಲೆ ಮತ್ತು ಊಟ

ಸಣ್ಣ ಗ್ಯಾಸ್ ಒಲೆ ಸಾಕು. ಬೆಂಕಿ ಹಾಕಲೇಬೇಕೆಂದಿದ್ದರೆ ಮಾಲೀಕರು ತೋರಿಸಿದ ಜಾಗದಲ್ಲಿ, ಸುತ್ತ ತರಗೆಲೆ ಗುಡಿಸಿ, ಪಕ್ಕದಲ್ಲಿ ಒಂದು ಕೊಡ ನೀರಿಟ್ಟುಕೊಂಡು. ಚಳಿಯೆಂದು ಕೆಂಡವನ್ನು ಡೇರೆಯೊಳಗೆ ಒಯ್ದರೆ ಅದರ ಹೊಗೆಯಿಲ್ಲದ ವಿಷಾನಿಲಕ್ಕೆ ಮಲಗಿದವರು ಏಳುವುದೇ ಇಲ್ಲ.

ನಮ್ಮ ಬುತ್ತಿಯಲ್ಲಿ ನಾಯಿಗೆ ಆಗದ್ದು ಬಹಳ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತಕಣಗಳನ್ನು ಕೆಡಿಸುತ್ತವೆ. ಹಾಗಾಗಿ ಚಿತ್ರಾನ್ನ, ಪಲಾವು, ಪಲ್ಯದ ರಸ ಯಾವುದೂ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಮಾರಕ. ಚಾಕೊಲೇಟ್, ಕಾಫಿ ಹೃದಯಕ್ಕೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಸ್ವಲ್ಪವಾದರೂ ಅಪಾಯ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಬೇಯಿಸಿದ ಮೊಟ್ಟೆ, ಉಪ್ಪಿಲ್ಲದ ಅನ್ನ, ಸ್ವಲ್ಪ ಮೊಸರು ಕೊಡಬಹುದು. ಊಟವಾದ ಮೇಲೆ ಪಾತ್ರೆ, ಎಲೆ, ಕಸ ಎಲ್ಲವನ್ನೂ ಕಾರಿನೊಳಗಿಡಿ. ಹೊರಗಿಟ್ಟರೆ ಹಂದಿ ಹುಡುಕಿಕೊಂಡು ಬರುತ್ತದೆ.

ರಾತ್ರಿ

ನಾಯಿ ಡೇರೆಯೊಳಗೇ ಮಲಗಬೇಕು, ನಿಮ್ಮಿಬ್ಬರ ನಡುವೆ. ಮಲೆನಾಡಿನಲ್ಲಿ ಚಿರತೆ ಹೊತ್ತೊಯ್ಯುವ ಪ್ರಾಣಿಗಳಲ್ಲಿ ನಾಯಿಯೇ ಮುಂದು, ಹೊರಗೆ ಕಟ್ಟಿಹಾಕಿದ ನಾಯಿಗೆ ಓಡಲೂ ದಾರಿಯಿಲ್ಲ. ಮಲಗುವ ಮುಂಚೆ ಒಂಬತ್ತರ ಸುಮಾರಿಗೆ ಟಾರ್ಚು ಹಿಡಿದು ಒಂದು ಸುತ್ತು ಉಚ್ಚೆಗೆ ಕರೆದೊಯ್ಯಿರಿ, ಆಮೇಲೆ ಬೆಳಕು ಹರಿಯುವ ತನಕ ಜಿಪ್ ತೆರೆಯಬೇಡಿ. ಡಿಸೆಂಬರಿನಲ್ಲಿ ಚಳಿ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಇಬ್ಬನಿ ಮಳೆಯಂತೆ ತೊಟ್ಟಿಕ್ಕುತ್ತದೆ. ಸಣ್ಣ ಕೂದಲಿನ ನಾಯಿಗೆ ಹಳೆಯ ಸ್ವೆಟರ್ ಹೊದಿಸಿ.

ನಾಯಿ ಗುರುಗುಟ್ಟಿದರೆ ಗದರಬೇಡಿ. ಅದಕ್ಕೆ ಕೇಳಿಸಿದ್ದು ನಿಮಗೆ ಕೇಳಿಸಿಲ್ಲ. ಕೈಯಿಟ್ಟು ಸುಮ್ಮನಿರಿಸಿ, ಮಾಲೀಕರಿಗೆ ಫೋನ್ ಮಾಡಿ.

ಭಾನುವಾರ

ಬೆಳಗಿನ ನಡಿಗೆ ತೋಟದ ಒಳದಾರಿಯಲ್ಲೇ ಸಾಕು. ಹಳ್ಳದ ನಿಂತ ನೀರು ಕುಡಿಸಬೇಡಿ, ಇಲಿಜ್ವರ ಅದರಿಂದಲೂ ಬರುತ್ತದೆ. ಎಲೆಗಳ ಮೇಲೆ ನೀಲಿ ಮಿಶ್ರಿತ ಬಿಳಿ ಕಲೆ ಕಂಡರೆ ಅದು ಬೋರ್ಡೋ ದ್ರಾವಣ, ಮೈಲುತುತ್ತ ಮತ್ತು ಸುಣ್ಣ ಸೇರಿದ್ದು. ಆ ಸಾಲಿನಲ್ಲಿ ನಾಯಿ ಹುಲ್ಲು ಕಡಿಯದಂತೆ ನೋಡಿಕೊಳ್ಳಿ.

ಜಿಗಣೆ ಹತ್ತುವುದು ಹೆಚ್ಚಾಗಿ ಕಾಲ್ಬೆರಳುಗಳ ಸಂದಿಯಲ್ಲಿ. ನಾಯಿ ಒಂದೇ ಪಾದವನ್ನು ಬಿಡದೆ ನೆಕ್ಕುತ್ತಿದ್ದರೆ ಅಲ್ಲಿ ನೋಡಿ. ಉಪ್ಪಿನ ನೀರಲ್ಲಿ ಅದ್ದಿದ ಹತ್ತಿ ಮುಟ್ಟಿಸಿದರೆ ತಾನೇ ಉದುರುತ್ತದೆ. ತೊರೆಯ ನೀರು ಕುಡಿದ ಮೇಲೆ ನಾಯಿ ಪದೇ ಪದೇ ಸೀನಿ ಮೂಗಿನಿಂದ ರಕ್ತ ಬಂದರೆ ಜಿಗಣೆ ಮೂಗಿನೊಳಗೆ ಸೇರಿರಬಹುದು. ಅದನ್ನು ನೀವು ತೆಗೆಯಲು ಹೋಗದೆ ವೈದ್ಯರಿಗೆ ತೋರಿಸಿ.

ಮಂಜರಾಬಾದ್ ಕೋಟೆ ನೋಡುವ ಆಸೆಯಿದ್ದರೆ ಸರದಿಯಲ್ಲಿ ಹತ್ತಿ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಈ ನಕ್ಷತ್ರಾಕಾರದ ಕೋಟೆಗೆ ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ವಾರಾಂತ್ಯದಲ್ಲಿ ಜನಜಾತ್ರೆ. ನಾಯಿಗೆ ಅದರಲ್ಲಿ ಸುಖವಿಲ್ಲ. ಒಬ್ಬರು ಹೋಗಿ ಬರುವ ತನಕ ಇನ್ನೊಬ್ಬರು ಕೆಳಗೆ ಮರದ ನೆರಳಲ್ಲಿ ಅದರ ಜೊತೆ ಕೂತಿರಿ.

ಹೊರಡುವ ಮುಂಚೆ ಗೂಟ ಕಿತ್ತ ಕುಳಿ ಮುಚ್ಚಿ, ನಾಯಿಯ ಮಲವನ್ನು ಚೀಲದಲ್ಲಿ ಎತ್ತಿಕೊಳ್ಳಿ ಅಥವಾ ನೀರಿನ ಸೆಲೆಯಿಂದ ದೂರ ಒಂದು ಗೇಣು ಆಳಕ್ಕೆ ಹೂತುಬಿಡಿ. ಮಧ್ಯಾಹ್ನ ಮೂರರೊಳಗೆ ಕಾರು ಹತ್ತಿದರೆ ಕತ್ತಲಲ್ಲಿ ಓಡಿಸುವ ದೂರ ಕಡಿಮೆಯಾಗುತ್ತದೆ.

ಮನೆಗೆ ಬಂದ ಮೇಲೆ

ದಣಿದಿದ್ದರೂ ನಾಯಿಯ ಮೈಯನ್ನು ಅಂದೇ ರಾತ್ರಿ ಬೆಳಕಿನಲ್ಲಿ ಸೋಸಿ ನೋಡಿ. ಕಿವಿಯ ಒಳಮಡಿಕೆ, ಬೆಲ್ಟಿನ ಕೆಳಗೆ, ಕಂಕುಳು, ಬಾಲದ ಬುಡ, ಬೆರಳ ಸಂದಿ. ಉಣ್ಣೆ ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಕಡ್ಡಿಯ ಬೆಂಕಿ ಬೇಡ, ಉಗುರಿನಲ್ಲಿ ಕುಕ್ಕುವುದೂ ಬೇಡ. ಆಮೇಲೆ ನಿಮ್ಮ ಮೈಯನ್ನೂ ಹಾಗೆಯೇ ನೋಡಿಕೊಂಡು, ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ.

ಮುಂದಿನ ಮೂರು ವಾರ ನಾಯಿ ಊಟ ಬಿಟ್ಟರೆ, ಜ್ವರ ಬಂದರೆ, ವಸಡು ಬಿಳಿಚಿಕೊಂಡರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಿ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಒಂದೆರಡು ವಾರದೊಳಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ಮಾತ್ರೆ ನುಂಗಿ ಮಲಗಬೇಡಿ. ವೈದ್ಯರ ಬಳಿ ಹೋಗಿ, ಅವರು ಕೇಳುವ ಮೊದಲೇ ಹೇಳಿ: ಮಲೆನಾಡಿನ ತೋಟದಲ್ಲಿ ಮಲಗಿದ್ದೆವು, ನಾಯಿ ಜೊತೆಗಿತ್ತು.